ಕಾಗದದ ಕಾಲರ್

ಮಗುವಿನ ಅಂಗಿಯ ಕಾಲರಿನ ನಮೂನೆಗೆಂದು ಕತ್ತರಿಸಿಟ್ಟಿದ್ದ ಕಾಗದ ಹಳೆಯ ದಿನಪತ್ರಿಕೆಯದಾಗಿರಲಿಲ್ಲ, ಆಸ್ಪತ್ರೆಯ ಪತ್ರವಾಗಿತ್ತು. ಬಾಗಿದ ಅಂಚಿನಲ್ಲಿ ಅಕ್ಷರಗಳು ಅರ್ಧರ್ಧ ಹೋಗಿದ್ದವು. ಉಳಿದದ್ದನ್ನು ಗಂಡ ಕನ್ನಡಕ ಏರಿಸಿ ಓದಿದ. ದೊಡ್ಡ ಕರುಳಿನ ಕ್ಯಾನ್ಸರ್ ತಪಾಸಣೆ, ನಿಮ್ಮ ಮಲದ ಮಾದರಿ ಇನ್ನೂ ನಮಗೆ ತಲುಪಿಲ್ಲ, ಇದು ಎರಡನೆಯ ನೆನಪೋಲೆ.

"ಯಾರದೇ ಈ ಕಾಲರ್?"

"ಮೇಲಿನ ಮನೆ ಮಗೂದು," ಎಂದಳು ಹೆಂಡತಿ, ಹೊಲಿಗೆ ಯಂತ್ರದಿಂದ ತಲೆ ಎತ್ತದೆ.

"ಪಾಪ, ಅದರ ಕುತ್ತಿಗೆಗೆ ನಿನ್ನ ಕರುಳು ಸುತ್ತಿದೀಯಲ್ಲ."

ಕಾಗದ ದಪ್ಪಗಿತ್ತು, ನಮೂನೆಗೆ ಚೆನ್ನಾಗಿತ್ತು, ಸುಮ್ಮನೆ ಯಾಕೆ ಬಿಸಾಡಬೇಕು ಎಂದು ಅವಳು ಸಮಜಾಯಿಷಿ ಕೊಟ್ಟಳು. ಅವನು ಅಲ್ಲಿಂದ ಕದಲದಿದ್ದಾಗ ಯಂತ್ರ ನಿಲ್ಲಿಸಿದಳು. "ತಿಂಗಳು ತಿಂಗಳು ಕೀಲುನೋವಿಗೆ ಅಂತ ಟೆಸ್ಟಿಗೆ ರಕ್ತ ಕೊಟ್ಟು ಬರ್ತೀನಿ. ಹನ್ನೊಂದು ವರ್ಷದಲ್ಲಿ ಅವರು ನೋಡದೆ ಬಿಟ್ಟಿರೋ ಜಾಗ ಯಾವುದ್ರೀ ಇದೆ ನನ್ನಲ್ಲಿ? ಏನಾದ್ರೂ ಇದ್ದಿದ್ರೆ ಹೇಳ್ತಿರಲಿಲ್ವಾ?"

ಕೀಲುವಾತ ಅವಳ ಬೆರಳುಗಳನ್ನು ಒಂದೊಂದಾಗಿ ಸೊಟ್ಟ ಮಾಡಿತ್ತು. ಒಂದು ಬೆಳಿಗ್ಗೆ ಸೂಜಿಯ ಕಣ್ಣಿನೊಂದಿಗೆ ಅವಳು ಗುದ್ದಾಡುತ್ತಿದ್ದುದನ್ನು ನೋಡಿದ ಅವನು, ಮಾರನೆಯ ದಿನದಿಂದ ಚಹಾ ಕುಡಿಯುವ ಮುಂಚೆಯೇ ಹನ್ನೆರಡು ಸೂಜಿಗೆ ದಾರ ಪೋಣಿಸಿ ಪುಟ್ಟ ದಿಂಬಿಗೆ ಚುಚ್ಚಿಡತೊಡಗಿದ. ಬಸ್ಸಿನ ಸ್ಟೇರಿಂಗ್ ತಿರುಗಿಸಿ ನಿವೃತ್ತನಾದ ಕೈಗೆ ಅದು ಸುಲಭದ ಕೆಲಸವಾಗಿರಲಿಲ್ಲ. ಕತ್ತರಿಯ ಹಿಡಿಗೂ ನೀಲಿ ಬಟ್ಟೆಯ ಪಟ್ಟಿ ಸುತ್ತಿ ದಪ್ಪ ಮಾಡಿಕೊಟ್ಟ. ಅವಳಾಗಿ ಎರಡನ್ನೂ ಕೇಳಿರಲಿಲ್ಲ. ಬಾಯಿ ಬಿಟ್ಟು ಕೇಳುವ ಜಾಯಮಾನವೇ ಅವಳದಲ್ಲ.

ಎರಡು ದಿನ ಬಿಟ್ಟು ರಕ್ತ ಕೊಡಲು ಹೋದಾಗ ಅವನೂ ಒಳಗೆ ಬಂದು, ಈ ರಕ್ತದಲ್ಲೇ ಕರುಳಿನದೂ ಗೊತ್ತಾಗುತ್ತದೆಯೇ ಎಂದು ನರ್ಸನ್ನು ನೇರವಾಗಿ ಕೇಳಿಯೇಬಿಟ್ಟ. ಹೆಂಡತಿ ಅವನ ಅಂಗಿಯ ತುದಿ ಜಗ್ಗಿದಳು. ನರ್ಸ್ ನಗಲಿಲ್ಲ. "ನಾವು ನೋಡೋದು ಕೀಲು ಹೇಗಿದೆ, ಮಾತ್ರೆ ಲಿವರಿಗೆ ಏನಾದ್ರೂ ಮಾಡಿದೆಯಾ ಅಂತ ಅಷ್ಟೇ ಅಮ್ಮಾ. ಕರುಳಿನ ಕಡೆ ಇಣುಕೂ ನೋಡಲ್ಲ. ಅದಕ್ಕೆ ಮನೆಗೆ ಕಳಿಸಿರ್ತಾರಲ್ಲ, ಆ ನಳಿಕೇಲಿ ಮಲದ ಮಾದರಿನೇ ಬರಬೇಕು."

"ಬ್ರೇಕ್ ನೋಡೋನು ಟೈರ್ ನೋಡಲ್ಲ ಕಣೇ," ಎಂದ ಅವನು, ಬಸ್ಸಿನಲ್ಲಿ ಕೂತ ಮೇಲೆ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಎರಡು ಸ್ಟಾಪು ಕಳೆದ ಮೇಲೆ, "ಅಕ್ಕನಿಗೂ ಇದೇ ಅಲ್ವಾ ಆಗಿದ್ದು. ಗೊತ್ತಾಗೋ ಹೊತ್ತಿಗೆ ಮುಗಿದುಹೋಗಿತ್ತು," ಎಂದಳು. ಹಾಗಾದರೆ ನಾಳೆಯೇ ಮಾಡಿ ಕಳಿಸಿಬಿಡು ಎಂದು ಅವನು ಹೇಳಿದ್ದಕ್ಕೆ, ನೋಡೋಣ ಎಂದಳು. ನಾಳೆಯೇ ಬ್ಲೌಸ್ ಬೇಕೆಂದು ಹಟ ಹಿಡಿಯುವವರಿಗೆ ಅವಳು ಹೇಳುವ 'ನೋಡೋಣ' ಅದು. ಅದರರ್ಥ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಮಧ್ಯಾಹ್ನ ಅವಳು ಮಲಗಿದ್ದಾಗ, ಅಂಗಿಗೊಂದು ಗುಂಡಿ ಹುಡುಕಲು ಅವನು ಗುಂಡಿಗಳ ಡಬ್ಬಿ ತೆಗೆದ. ತಳದಲ್ಲಿ ಆಸ್ಪತ್ರೆಯ ಲಕೋಟೆ ಸಿಕ್ಕಿತು. ಲಕೋಟೆ ಒಡೆದಿತ್ತು. ಒಳಗೆ ಕಿರುಬೆರಳಿನಷ್ಟು ಉದ್ದದ ನಳಿಕೆ, ಅದರ ಹಸಿರು ಮುಚ್ಚಳ ಬಿಗಿಯಾಗಿ ಕೂತಿತ್ತು. ಮುಚ್ಚಳದ ಸುತ್ತ ಏನೋ ಗೀರುಗಳು. ಕಿಟಕಿಯ ಬಳಿ ಒಯ್ದು ನೋಡಿದ. ಹಲ್ಲಿನ ಗುರುತುಗಳು. ದಿನವಿಡೀ ದಾರ ಕಡಿಯುವ ಹಲ್ಲು ಅದು, ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಒಂದು ಸಲ ಕಚ್ಚಿ ಬಿಟ್ಟದ್ದೂ ಅಲ್ಲ, ಸುತ್ತಲೂ ಕಚ್ಚಿ ನೋಡಿದ್ದಳು. ತಿಂಗಳ ರಕ್ತದ ಮಾತು ಮುಚ್ಚಳ ಬಾರದೆ ಹೋದ ಮೇಲೆ ಹುಟ್ಟಿಕೊಂಡಿತ್ತು. ಸೂಜಿಯ ದಾರಕ್ಕೇ ಬಾಯಿ ಬಿಡದವಳು, ಇಂಥದ್ದರ ಮುಚ್ಚಳ ತೆಗೆದುಕೊಡಿ ಎಂದು ಗಂಡನನ್ನು ಕೇಳುವುದುಂಟೇ. ಗುಂಡಿ ಹುಡುಕುವುದನ್ನು ಮರೆತು ಅವನು ನಳಿಕೆಯನ್ನು ಜೇಬಿಗೆ ಹಾಕಿಕೊಂಡು ಡಬ್ಬಿಯನ್ನು ಇದ್ದಲ್ಲೇ ಇಟ್ಟ.

ಬೆಳಿಗ್ಗೆ ಅವಳು ಯಂತ್ರದ ಬಳಿ ಬಂದಾಗ ದಿಂಬಿನ ಮೇಲೆ ಹನ್ನೆರಡು ಸೂಜಿಗಳು ಸಾಲಾಗಿ ನಿಂತಿದ್ದವು. ಪಕ್ಕದಲ್ಲಿ ಒಂದು ಖಾಲಿ ದಾರದ ರೀಲು, ಅದರ ತೂತಿನಲ್ಲಿ ನೆಟ್ಟಗೆ ನಿಂತ ನಳಿಕೆ. ಮುಚ್ಚಳಕ್ಕೆ ನೀಲಿ ಬಟ್ಟೆಯ ಪಟ್ಟಿ ದಪ್ಪಗೆ ಸುತ್ತಿ, ತುದಿಯನ್ನು ಕತ್ತರಿಯ ಹಿಡಿಯಂತೆಯೇ ಒಳಗೆ ಸಿಕ್ಕಿಸಲಾಗಿತ್ತು. ಅವಳು ಅಂಗೈಯಲ್ಲಿ ಒತ್ತಿ ಮೆಲ್ಲಗೆ ತಿರುಗಿಸಿದಳು. ಮುಚ್ಚಳ ಮಾತು ಕೇಳಿತು.

ಬಾಗಿಲ ಬಳಿ ಗಂಡ ಚಪ್ಪಲಿ ಮೆಟ್ಟುತ್ತಿದ್ದ. "ಕಟಿಂಗ್ ಮಾಡಿಸ್ಕೊಂಡು ಬರ್ತೀನಿ. ಜನ ಇರ್ತಾರೆ, ಒಂದು ಗಂಟೆ ಆಗುತ್ತೆ," ಎಂದು, ಈ ಕಡೆ ತಿರುಗದೆ ಹೊರಟ.

ನಾಲ್ಕು ದಿನದ ಹಿಂದಷ್ಟೇ ಕತ್ತರಿಯಾಡಿದ್ದ ಅವನ ನುಣುಪಾದ ಕುತ್ತಿಗೆಯನ್ನು, ಅವನು ಬೀದಿಯ ತಿರುವು ದಾಟುವವರೆಗೂ ಅವಳು ನೋಡುತ್ತ ನಿಂತಳು.