ಬಾಯಿಗೆ ಟೇಪು

ರಟ್ಟಿನ ಪೆಟ್ಟಿಗೆಗೆ ಹಚ್ಚುವ ಕಂದು ಟೇಪನ್ನು ಹಲ್ಲಿನಿಂದ ಕಡಿದು ಹೆಂಡತಿ ಗಂಡನ ಬಾಯಿಗೆ ಅಂಟಿಸಿಯೇ ಬಿಟ್ಟಳು.

"ಮೀಸೆ ಕಿತ್ಕೊಂಡ್ ಬಂದ್ರೆ ನನ್ನ ಬೈಬೇಡಿ. ನಾಳೆ ಮೂರನೇ ಸಲದ ಪರೀಕ್ಷೆ. ಇದೂ ಹೋದ್ರೆ ಇನ್ನೊಂದು ಅವಕಾಶ ಇಲ್ಲ. ಆಮೇಲೆ ವಾಲ್ಟ್ಸ್ ಡ್ಯಾನ್ಸ್ ಅನ್ನೋದನ್ನ ಟೀವೀಲಿ ನೋಡ್ಕೊಂಡಿರೋದೇ."

ಮನೆ ಸಾಮಾನು ಸಾಗಿಸುವುದು ಅವನ ಕಸುಬು. ಖಾಲಿಯಾದ ಮನೆಯಲ್ಲಿ ಬೀಗದ ಕೈ ಒಪ್ಪಿಸುವ ಮೊದಲು ಕುಣಿದು ಅಭ್ಯಾಸ ಮಾಡುವುದು ಇಬ್ಬರ ಗುಟ್ಟು. ಈ ಮನೆಯ ಕೊನೆಯ ಸೋಫಾ ಈಗಷ್ಟೇ ಲಾರಿ ಹತ್ತಿತ್ತು. ಬೀರು ನಿಂತಿದ್ದ ಕಡೆ ನೆಲದ ಮೇಲೆ ಚೌಕಾಕಾರದ ಬಿಳಿ ಕಲೆ ಉಳಿದಿತ್ತು.

ಭಾರದ ಸಾಮಾನನ್ನು ಇಬ್ಬರು ಹೊತ್ತಾಗ ಒಬ್ಬ ಹಿಮ್ಮುಖವಾಗಿ ನಡೆಯಬೇಕು, ಎದುರಿನವನು ಅವನಿಗೆ ಕಣ್ಣಾಗಬೇಕು. "ಮೆಟ್ಲು, ಇನ್ನೆರಡು, ಬಾಗ್ಲು, ಎಡಕ್ಕೆ" ಎಂದು ಇಪ್ಪತ್ತೆರಡು ವರ್ಷ ಕೂಗಿದ ಬಾಯಿ ಅವನದು. ವಾಲ್ಟ್ಸ್‌ನಲ್ಲೂ ಗಂಡ ಮುಂದೊತ್ತಿದಂತೆ ಹಿಂದಕ್ಕೆ ಸರಿಯುವವಳು ಹೆಂಡತಿ, ಬಾಯಿ ಸುಮ್ಮನಿದ್ದೀತೇ! ಚಾ-ಚಾ-ಚಾ ಎಂಬ ಕುಣಿತದಲ್ಲಿ ನಿಂತ ಜಾಗ ಬಿಟ್ಟು ಹೆಚ್ಚು ಸರಿಯುವಂತಿಲ್ಲ, ಹಾಗಾಗಿ ಅದರಲ್ಲಿ ಪಾಸಾಗಿದ್ದ. ವಾಲ್ಟ್ಸ್‌ನ ಮೊದಲ ಪರೀಕ್ಷೆಯಲ್ಲಿ "ಕಂಬ ಬಂತು, ನಿಧಾನ" ಎಂದ. ಎರಡನೆಯದರಲ್ಲಿ "ಮೂಲೆ, ಮೂಲೆ" ಎಂದು ಅರಚಿದ್ದಕ್ಕೆ ಪಕ್ಕದ ಜೋಡಿ ಬೆಚ್ಚಿ ನಿಂತುಬಿಟ್ಟಿತು. ಪರೀಕ್ಷಕಿ ಎರಡು ಸಲವೂ ಅದನ್ನೇ ಬರೆದಿದ್ದರು: ಹೆಜ್ಜೆ ಚೆನ್ನಾಗಿದೆ, ಬಾಯಿಯದೇ ತೊಂದರೆ. "ದಾರೀನ ಎದೆಯಿಂದ ಹೇಳಪ್ಪ" ಎನ್ನುತ್ತಿದ್ದರು ಕಲಿಸುವ ಮೇಷ್ಟ್ರು. ಎದೆಗೆ ಬಾಯಿ ಎಲ್ಲಿಂದ ಬರಬೇಕು?

ಮೇಷ್ಟ್ರಿಗೆ ಗೊತ್ತಿಲ್ಲದ್ದು ಹೆಂಡತಿಗೆ ಗೊತ್ತಿತ್ತು. ಒಮ್ಮೆ ಮೆಟ್ಟಿಲಲ್ಲಿ ಬೀರು ಇಳಿಸುವಾಗ ಅವನಿಗೆ ಸೀನು ಬಂದು ಅರೆಗಳಿಗೆ ಮಾತು ನಿಂತಿತ್ತು. ಹಿಮ್ಮುಖವಾಗಿ ಇಳಿಯುತ್ತಿದ್ದ ಅವನ ಅಣ್ಣ ಇವತ್ತಿಗೂ ಕುಂಟುತ್ತಾನೆ.

ಕಿಟಕಿಕಟ್ಟೆಯ ಮೇಲಿಟ್ಟಿದ್ದ ಫೋನಿನಲ್ಲಿ ವಾಲ್ಟ್ಸ್ ಹಾಡು ಶುರುವಾಯಿತು, ಇಬ್ಬರೂ ಕೈ ಹಿಡಿದು ಹೆಜ್ಜೆ ಹಾಕಿದರು. ಒಂದು, ಎರಡು, ಮೂರು. ಹಾಲ್‌ನ ಕೊನೆಗೆ ಅಡುಗೆಮನೆಗೆ ಇಳಿಯುವ ಒಂದು ಮೆಟ್ಟಿಲಿತ್ತು. ಅದು ಹತ್ತಿರವಾಗುತ್ತಿದ್ದಂತೆ ಟೇಪಿನೊಳಗಿಂದ "ಹ್ಞೂಂ, ಹ್ಞೂಂ" ಎಂದು ಗೊಗ್ಗರು ದನಿ ಹೊರಟಿತು. ಅವನು ಗಕ್ಕನೆ ನಿಂತ.

"ಗಂಟಲಲ್ಲೂ ಮಾತಾಡ್ಬೇಡಿ," ಎಂದಳು. "ನಾನು ನಿಮ್ಮಣ್ಣ ಅಲ್ಲ. ಬಿದ್ರೆ ಬೀಳೋಳು ನಾನು ತಾನೇ? ನಡೀರಿ."

ಹಾಗೆಂದು ಕಣ್ಣು ಮುಚ್ಚಿಕೊಂಡಳು. ಅವನಿಗೆ ಜೀವ ಬಾಯಿಗೆ ಬಂತು, ಆದರೆ ಬಾಯಿಗೆ ಬಾಗಿಲು ಹಾಕಿತ್ತು. ಹಾಡು ಮೊದಲಿನಿಂದ ಶುರುವಾಯಿತು. ಮೆಟ್ಟಿಲಿಗೆ ಮೂರು ಹೆಜ್ಜೆ, ಎರಡು. ಬೆವರಿಗೆ ಟೇಪಿನ ಅಂಚು ಬಿಡತೊಡಗಿತು. ಕೂಗಬೇಕಾದ ಗಳಿಗೆಯಲ್ಲಿ ಅವನು ಉಸಿರೆಳೆದುಕೊಂಡು ಎದೆಯನ್ನು ಎಡಕ್ಕೆ ತಿರುಗಿಸಿದ, ಅಷ್ಟೇ. ಅವನ ಅಂಗೈಯಡಿ ಇದ್ದ ಅವಳ ಬೆನ್ನು ತಾನೂ ತಿರುಗಿತು. ಅವಳ ಹಿಮ್ಮಡಿ ಮೆಟ್ಟಿಲಂಚಿನ ಪಕ್ಕದಲ್ಲೇ ಹಾದು ಹಾಲ್‌ನ ಕಡೆಗೆ ಮರಳಿತು.

ಹಾಡು ನಿಂತ ಮೇಲೆ ಅವಳು ಕಣ್ಣು ಬಿಟ್ಟು, ಧೂಳಿನಲ್ಲಿ ಮೂಡಿದ್ದ ತನ್ನ ಹಿಮ್ಮಡಿಯ ಗುರುತನ್ನು ಬಗ್ಗಿ ನೋಡಿದಳು. ಅಂಚಿಗೂ ಅದಕ್ಕೂ ನಾಲ್ಕು ಬೆರಳಿನ ಅಂತರವಿತ್ತು.

"ನಾನು ಇಷ್ಟು ಹತ್ರ ಬಂದಿದ್ನಾ?"

ಅವನು ಹೌದೆಂದು ತಲೆಯಾಡಿಸಿದ.

ಅವಳು ಒಂದೇ ಎಳೆತಕ್ಕೆ ಟೇಪು ಕಿತ್ತಳು. ಮೀಸೆಯ ನಾಲ್ಕು ಕೂದಲು ಜೊತೆಗೇ ಬಂದವು. "ಸಾಕು, ಈಗ ಹೇಳಿ. ಏನೇನು ಕೂಗ್ಬೇಕಿತ್ತೋ ಎಲ್ಲ ಕೂಗ್ಬಿಡಿ."

ಅವನು ಮೆಟ್ಟಿಲನ್ನೊಮ್ಮೆ, ಅವಳನ್ನೊಮ್ಮೆ ನೋಡಿದ. ಬಾಯಿ ತೆರೆದ. ಆಮೇಲೆ ಅವಳ ಕೈಯಿಂದ ಟೇಪನ್ನು ಬಿಡಿಸಿಕೊಂಡು, ತಾನೇ ಬಾಯಿಗೆ ಒತ್ತಿಕೊಂಡು, ಎಡಗೈ ಚಾಚಿ ನಿಂತ.