ಬಟ್ಟೆಯ ಮೇಲಿನ ಸಂಸಾರ

ಬಟ್ಟೆಯ ಮೇಲಿನ ಹೆಂಗಸು ಸೊಂಟಕ್ಕೆ ಕೈಕೊಟ್ಟು ಗಂಡನನ್ನು ದುರುಗುಟ್ಟಿ ನೋಡಿದಳು. "ಗಂಜಿಗೆ ಉಪ್ಪು ಹಾಕ್ಲಿಕ್ಕೆ ನಾನು ಮರೆತದ್ದಲ್ಲ. ಆಗಲಾದ್ರೂ ನೀವು ಬಾಯಿ ಬಿಡ್ತೀರೋ ಅಂತ ನೋಡಿದ್ದು!" ಮೈದಾನವಿಡೀ ಹೋ ಎಂದು ನಕ್ಕಿತು. ಹೆಂಗಸರ ಸಾಲಿನಲ್ಲಿ ಕೂತಿದ್ದ ಪದ್ಮಲತಾಳ ಎದೆ ಮಾತ್ರ ಧಸಕ್ಕೆಂದಿತು. ಅದು ಅವಳದೇ ಮಾತು. ಮೊನ್ನೆ ಬುಧವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಗಂಡನ ಬಟ್ಟಲಿನ ಮುಂದೆ ನಿಂತು ಹೇಳಿದ್ದು. ಆಗ ಅಲ್ಲಿ ಅವರಿಬ್ಬರನ್ನು ಬಿಟ್ಟರೆ ಒಂದು ಬೆಕ್ಕಿತ್ತು, ಅಷ್ಟೆ.

ಮೈಕಿನ ಮುಂದೆ ಕೂತಿದ್ದವರು ಆ ಗಂಡನೇ, ಜೀವಂಧರ ಮಾಷ್ಟ್ರು. ದೀಪಾವಳಿ ಕಳೆದಂದಿನಿಂದ ತಿಂಗಳಿಗೊಮ್ಮೆ ಸರಕಾರದ ವ್ಯಾನೊಂದು ವೇಣೂರಿಗೆ ಬಂದು, ಶಾಲೆಯ ಮೈದಾನದಲ್ಲಿ ಬಿದಿರಿಗೆ ಬಿಳಿ ಬಟ್ಟೆ ಕಟ್ಟಿ, ಗೆರೆಯಲ್ಲಿ ಬರೆದ ಮನುಷ್ಯರು ಓಡಾಡುವ ಕಾರ್ಟೂನ್ ಸಿನೆಮಾ ತೋರಿಸುತ್ತಿತ್ತು. ಏಳು ಮಕ್ಕಳ ಒಂದು ಸಂಸಾರದ ರಗಳೆ, ಕೊನೆಗೆ ಮಕ್ಕಳು ಕಡಿಮೆ ಇದ್ದರೆ ಚೆಂದ ಎಂಬ ಬುದ್ಧಿಮಾತು. ಹಾಗಾಗಿ ದೊಡ್ಡವರಿಗೆ ಮಾತ್ರ. ಚಿಳ್ಳೆಪಿಳ್ಳೆಗಳನ್ನು ಗೇಟಿನಿಂದಲೇ ಓಡಿಸುತ್ತಿದ್ದರು. ಸಿನೆಮಾ ಮಾತಾಡುವುದು ಹಿಂದಿ. ಊರಿನವರಿಗೆ ಹಿಂದಿ ಯಾವ ಮಣ್ಣಂಗಟ್ಟಿ ಗೊತ್ತು? ವ್ಯಾನಿನವರು ಅದರ ಬಾಯಿ ಕಟ್ಟಿ ಮೈಕನ್ನು ಮಾಷ್ಟ್ರ ಕೈಗೆ ಕೊಟ್ಟರು. ಅವರು ತುಳುವಿನಲ್ಲಿ ಏನು ಮೋಡಿ ಹಾಕಿದರೋ, ಬೆಳ್ತಂಗಡಿಯಿಂದಲೂ ಜನ ಬಸ್ಸು ಹಿಡಿದು ಬರತೊಡಗಿದರು. ಇವತ್ತಿನದು ಏಳನೆಯದು, ಮಳೆಗಾಲಕ್ಕೆ ಮೊದಲಿನ ಕೊನೆಯದು.

ಪದ್ಮಲತಾ ಒಮ್ಮೆಯೂ ಬಂದಿರಲಿಲ್ಲ. "ಎಲ್ಲ ಮಕ್ಕಳ ಸುದ್ದಿಯೇ. ನಿನಗೆ ಸುಮ್ಮನೆ ಬೇಜಾರಾಗ್ತದೆ, ಬೇಡ" ಎಂದಿದ್ದರು ಗಂಡ. ಎಂಥ ಒಳ್ಳೆಯ ಮನಸ್ಸು ಎಂದು ಅವಳು ಕರಗಿಹೋಗಿದ್ದಳು. ಇವತ್ತು ಹೊತ್ತು ಕಂತುವ ಮೊದಲೇ ಊಟ ಮುಗಿಸಿ ಜಗಲಿಯಲ್ಲಿ ಕೂತಿದ್ದವಳನ್ನು, ಈ ವರ್ಷವಷ್ಟೇ ಪಕ್ಕದ ಮನೆಗೆ ಬಂದಿದ್ದ ಸಫಿಯಮ್ಮ ಬೀಡಿ ಕಟ್ಟುವುದನ್ನು ಬಿಟ್ಟು ಬಂದು ಎಬ್ಬಿಸಿದ್ದಳು. "ಊರಿಗೆ ಊರೇ ಹೋಗ್ತದೆ. ಮಾಷ್ಟ್ರ ಹೆಂಡತಿಯೇ ಇಲ್ಲ ಅಂದ್ರೆ ಏನು ಚೆಂದ ಅಕ್ಕ?"

ಬಟ್ಟೆಯ ಮೇಲಿನ ಹೆಂಗಸು ಈಗ ಗಂಡ ಮೈ ಒರೆಸಿ ಹಾಸಿಗೆಯ ಮೇಲೆ ಎಸೆದಿದ್ದ ಒದ್ದೆ ಬೈರಾಸು ಎತ್ತಿ ಹಿಡಿದಳು. ಅವಳು ಏನು ಹೇಳುತ್ತಾಳೆಂದು ಪದ್ಮಲತಾಳಿಗೆ ಗೊತ್ತಿತ್ತು. ಘೋರವೆಂದರೆ, ಮುಂದೆ ಕೂತವರಿಗೂ ಗೊತ್ತಿತ್ತು! ಮೈಕಿಗಿಂತ ಮೊದಲೇ ನಾಲ್ಕಾರು ಹೆಂಗಸರು ಕೂಗಿದರು: "ನಾನು ತಾಳಿ ಕಟ್ಟಿಸಿಕೊಂಡದ್ದು ನಿಮ್ಮ ಬೈರಾಸಿಗಾ?"

"ಭಾರಿ ಬಾಯಿ ಅಕ್ಕ ಇವಳದ್ದು" ಎಂದಳು ಸಫಿಯಮ್ಮ. "ಆದ್ರೆ ಕೊನೆಗೆ ಒಂದು ಮಾತು ಹೇಳ್ತಾಳೆ ನೋಡಿ. ಪ್ರತಿ ಸಲ ಅದೇ. ನಕ್ಕು ನಕ್ಕು ಹೊಟ್ಟೆ ಹುಣ್ಣಾಗ್ತದೆ."

"ಯಾವ ಮಾತು?"

"ಈಗಲೇ ಹೇಳಿದ್ರೆ ರುಚಿ ಹೋಗ್ತದೆ."

ರೀಲು ಬದಲಿಸಲು ದೀಪ ಹಾಕಿದರು. ಸೋಡಾದ ಬಾಟ್ಲಿ ಬಾಯಿಗಿಟ್ಟುಕೊಂಡು ಮಾಷ್ಟ್ರು ಈಚೆ ತಿರುಗಿದರು. ಹೆಂಡತಿಯನ್ನು ಕಂಡದ್ದೇ ಮುಖ ಬಿಳಿಚಿಕೊಂಡಿತು. ಸೋಡಾ ಗದ್ದದ ಮೇಲಿಂದ ಅಂಗಿಗೆ ಸುರಿದದ್ದೂ ತಿಳಿಯಲಿಲ್ಲ. ಪದ್ಮಲತಾ ರೆಪ್ಪೆ ಬಡಿಯದೆ ನೋಡುತ್ತಿದ್ದಳು. ಉಪ್ಪು ಹೋಗಲಿ, ಬೈರಾಸು ಹೋಗಲಿ, ಬೇಕಾದರೆ ಇಡೀ ಅಡುಗೆಮನೆಯನ್ನೇ ಹೊತ್ತುಕೊಂಡು ಹೋಗಿ ಈ ಮೈದಾನದಲ್ಲಿ ಸುರಿಯಲಿ! ಆದರೆ ಆ ಒಂದು ಮಾತು? ಹೋದ ಆಟಿ ತಿಂಗಳ ಮಳೆಯಲ್ಲಿ ಮೂರನೆಯ ಬಸಿರೂ ಐದು ತಿಂಗಳಿಗೇ ಇಳಿದುಹೋಗಿತ್ತು. ಸೂಲಗಿತ್ತಿ ಹೊರಗೆ ಹೋದ ಮೇಲೆ ಅವಳು ಗಂಡನ ಕೈ ಹಿಡಿದು ಒಂದು ಮಾತು ಹೇಳಿದ್ದಳು. ಅವರು ಅವಳ ಹೆಗಲಿಗೆ ಮುಖ ಒತ್ತಿ ಮಗುವಿನಂತೆ ಅತ್ತಿದ್ದರು. ಛೆ, ಇಲ್ಲ. ಅದನ್ನು ಅವರು ಮುಟ್ಟಿರಲಾರರು. ಅಷ್ಟು ಕೆಟ್ಟವರಲ್ಲ ಅವರು.

ದೀಪ ಆರಿತು. ಮಾಷ್ಟ್ರ ದನಿ ಈಗ ಜ್ವರ ಬಿಟ್ಟು ಎದ್ದವರ ಹಾಗಿತ್ತು. "ಮಾಷ್ಟ್ರೆ, ಜೋರಾಗಿ!" ಎಂದು ಹಿಂದಿನಿಂದ ಯಾರೋ ಕೂಗಿದರು. ಕಥೆ ಹೇಗೋ ಕುಂಟುತ್ತ ಕೊನೆಗೆ ಬಂತು. ಏಳೂ ಮಕ್ಕಳು ಒಮ್ಮೆಗೇ ಸೆರಗಿಗೆ ಜೋತುಬಿದ್ದವು. ಬಟ್ಟೆಯ ಮೇಲಿನ ಹೆಂಗಸು ಸೌಟು ಬಿಸಾಡಿ, ಎರಡೂ ಕೈ ಮೇಲೆತ್ತಿ, ಅಷ್ಟಗಲ ಬಾಯಿ ತೆರೆದಳು. ಮೈಕಿನಿಂದ ಏನೂ ಬರಲಿಲ್ಲ. ಯಂತ್ರ ತಿರುಗುವ ಸದ್ದು ಮಾತ್ರ ಕೇಳುತ್ತಿತ್ತು.

ಮಾಷ್ಟ್ರು ಮರೆತರೆಂದು ಜನ ಬಿಟ್ಟಾರೆಯೇ? ಗಂಡಸರು, ಹೆಂಗಸರು, ಬೇಲಿಯಾಚೆ ನಿಂತವರು, ಮುನ್ನೂರು ಮಂದಿ ಒಂದೇ ಗಂಟಲಿನಲ್ಲಿ ಹೇಳಿದರು: "ನನ್ನಿಂದ ಇನ್ನು ಆಗುವುದಿಲ್ಲ! ನೀವು ಇನ್ನೊಂದು ಮದುವೆಯಾಗಿ! ಆರತಿ ನಾನೇ ಎತ್ತುತ್ತೇನೆ!"

ನಗು ಮೈದಾನವನ್ನು ದಾಟಿ ರಸ್ತೆಯವರೆಗೆ ಹೋಯಿತು. ಏಳು ತಿಂಗಳು! ಏಳು ತಿಂಗಳಿನಿಂದ ಊರೆಲ್ಲ ಇದನ್ನು ಹೇಳಿ ನಗುತ್ತಿದೆ.

ಸಫಿಯಮ್ಮ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡಳು. "ಕೇಳಿದ್ರಾ? ನೀವೂ ಒಮ್ಮೆ ಹೇಳಿ ಅಕ್ಕ. ಇಲ್ಲಿ ಎಲ್ಲರಿಗೂ ಬಾಯಿಪಾಠ."

ಮೈಕಿನ ಹಿಂದೆ ತಲೆ ತಗ್ಗಿಸಿ ಕೂತಿದ್ದ ಕಪ್ಪು ಆಕೃತಿಯನ್ನೇ ನೋಡುತ್ತ ಪದ್ಮಲತಾ ಬಾಯಿ ತೆರೆದಳು. ಅಂದು ಹೇಳಿದ ಹಾಗೆಯೇ, ಅದೇ ಸಣ್ಣ ದನಿಯಲ್ಲಿ, ನಡುವೆ ಅಲ್ಲಲ್ಲೇ ಉಸಿರು ಕಟ್ಟಿ, ಹೇಳಿ ಮುಗಿಸಿದಳು.

ಸಫಿಯಮ್ಮ ಚಪ್ಪಾಳೆ ತಟ್ಟಿದಳು. "ಅಯ್ಯೋ, ಥೇಟ್ ಅವಳ ಹಾಗೇ! ಮನೆಯಲ್ಲಿ ಮಾಷ್ಟ್ರೇ ಕಲಿಸಿಕೊಟ್ಟದ್ದಾ?"