ಒಳಗಿನ ಹಲಗೆ

"ಹೊಳೆಯೋದು ಪೂರ್ವದ ಮನೆಗೆ, ಮಂಕಾಗಿರೋದು ಪಶ್ಚಿಮದ ಮನೆಗೆ. ಎಷ್ಟು ಸಲ ಹೇಳ್ಬೇಕ್ರೀ ನಿಮಗೆ?"

ಚಿಂತಾಮಣಿಯ ಪ್ಲೈವುಡ್ ಅಂಗಡಿಯಲ್ಲಿ ವರಲಕ್ಷ್ಮಮ್ಮನ ದನಿಗೆ ಬೇರೆ ಗಿರಾಕಿಗಳೂ ತಿರುಗಿ ನೋಡಿದರು. ಗಂಡ ನರಸಿಂಹಪ್ಪ ತಲೆ ತಗ್ಗಿಸಿ ಅಗ್ಗದ ಹಲಗೆಯ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದ. ಕೆರೆದ ಕಡೆಯೆಲ್ಲ ಮರದ ಪುಡಿ ಉದುರುತ್ತಿತ್ತು.

"ಇದು ಬರೀ ಪುಡಿ ಅಂಟಿಸಿರೋ ಹಲಗೆ ಕಣೇ. ನನ್ನ ತಮ್ಮ ಹರಿ ಮನೆಯೋರು ರೇಷ್ಮೆ ಹುಳು ಸಾಕೋರು. ತಂಪಿಗೆ ಅಂತ ಒದ್ದೆ ಗೋಣಿ ಕಟ್ತಾರೆ. ಆ ತೇವಕ್ಕೆ ವರ್ಷದೊಳಗೆ ಉಬ್ಬೋಗುತ್ತೆ."

"ಉಬ್ಬಲಿ."

ಅಂಗಡಿಯವನು ಕಿವಿ ಕೇಳಿಸದವನಂತೆ ಬೇರೆ ಕಡೆ ನೋಡಿದ.

ಜಂಗಮಕೋಟೆಯ ಹಳೆ ಮನೆ ಕೆಡವಿ, ಅಣ್ಣತಮ್ಮಂದಿರು ಅದೇ ಜಾಗದಲ್ಲಿ ಒಂದೇ ಅಳತೆಯ ಎರಡು ಮನೆ ಎಬ್ಬಿಸಿದ್ದರು. ಉಸ್ತುವಾರಿಯನ್ನೆಲ್ಲ ತಮ್ಮ ಹರಿಕೃಷ್ಣ ಅಣ್ಣನಿಗೇ ಬಿಟ್ಟಿದ್ದ. ಬೀರು, ಅಡುಗೆಮನೆಯ ಕಪಾಟುಗಳ ಕೆಲಸಕ್ಕೆ ಬರುವಷ್ಟರಲ್ಲಿ ಇಬ್ಬರ ಕೈಯೂ ಬರಿದಾಗಿತ್ತು. ಒಂದು ಮನೆಗೆ ಗಟ್ಟಿ ಪ್ಲೈವುಡ್ ಹಾಕಿಸಿದರೆ ಇನ್ನೊಂದಕ್ಕೆ ಪುಡಿ ಹಲಗೆಯೇ ಗತಿ.

ಯಾರಿಗೆ ಯಾವ ಮನೆ? ಅದಕ್ಕೆ ಊರಿನ ಪದ್ಧತಿ ಇದೆ. ಹಿರಿಯ ಪಾಲು ಮಾಡಬೇಕು, ಕಿರಿಯ ಮೊದಲು ಆರಿಸಿಕೊಳ್ಳಬೇಕು. ಈ ಪದ್ಧತಿಯನ್ನು ನೆನೆದರೆ ಸಾಕು, ವರಲಕ್ಷ್ಮಮ್ಮನ ಮೈಯೆಲ್ಲ ಉರಿಯುತ್ತಿತ್ತು. ಅತ್ತೆ ಲಕ್ವ ಹೊಡೆದು ಹಾಸಿಗೆ ಹಿಡಿದಾಗ ಹೇಲು ಉಚ್ಚೆ ಬಾಚಿದವಳು ತಾನು. ಮೈದುನನ ಹೆಂಡತಿ ಕವಿತ ಹುಳುವಿನ ನೆಪ ಹೇಳಿ ಹತ್ತಿರ ಸುಳಿದವಳಲ್ಲ. ಈಗ ಮೊದಲ ಆಯ್ಕೆ ಮಾತ್ರ ಆ ಮಹಾರಾಣಿಗೆ! ಯಾವ ನ್ಯಾಯ ಇದು?

ನ್ಯಾಯ ಸಿಗದಿದ್ದರೆ ತಾನೇ ಮಾಡಿಕೊಳ್ಳುತ್ತೇನೆ ಎಂದು ಹೊರಟಿದ್ದಳು. ಪುಡಿ ಹಲಗೆಯ ಮೇಲೆ ಕಣ್ಣು ಕೋರೈಸುವ ಕೆಂಪು ಮೈಕಾ ಹಾಳೆ. ಗಟ್ಟಿ ಪ್ಲೈವುಡ್ಡಿನ ಮೇಲೆ ಮಣ್ಣುಬಣ್ಣದ ಮಂಕು ಮೈಕಾ. ಮೇಲೆ ಬಸಪ್ಪ, ಒಳಗೆ ವಿಷಪ್ಪ. ಹೊಳಪು ಕಂಡರೆ ಬಾಯಿ ಬಿಡುವ ಕವಿತ ಪೂರ್ವದ ಮನೆಗೆ ಬೀಳದೆ ಎಲ್ಲಿ ಹೋಗುತ್ತಾಳೆ?

ಮನೆಗೆ ಬಂದ ಮೇಲೆ ನರಸಿಂಹಪ್ಪ ಮೆತ್ತಗೆ ಹೇಳಿದ: "ಆಯ್ತು ಬಿಡು, ನಿನ್ನಿಷ್ಟ. ಬಡಗಿ ಹತ್ರ ನಾನು ನಿಂತು ಮಾಡಿಸ್ತೀನಿ. ನೀನು ಗೌರಿಬಿದನೂರಿಗೆ ಹೋಗಿ ಮೌನಿಕಾನ ನೋಡ್ಕೊಂಡು ಬಾ. ಬಸುರಿ ಹುಡುಗಿ, ಅಮ್ಮ ಅಮ್ಮ ಅಂತಿದ್ದಾಳೆ."

ಕೊನೆಗೂ ಈ ಮನುಷ್ಯನಿಗೆ ಬುದ್ಧಿ ಬಂತು ಅಂದುಕೊಂಡು ವರಲಕ್ಷ್ಮಮ್ಮ ಮಗಳ ಮನೆಗೆ ಹೋದಳು. ವಾಪಸು ಬಂದಾಗ ಕೆಲಸ ಮುಗಿದಿತ್ತು. ಪೂರ್ವದ ಮನೆ ಮದುವಣಗಿತ್ತಿಯ ಹಾಗೆ ಮಿಂಚುತ್ತಿತ್ತು, ಪಶ್ಚಿಮದ್ದು ಪೆಚ್ಚಾಗಿ ನಿಂತಿತ್ತು. ಮೈಕಾ ಅಂಟಿಸಿ ಅಂಚಿಗೆ ಪಟ್ಟಿ ಹೊಡೆದ ಮೇಲೆ ಒಳಗಿನ ಹಲಗೆ ಯಾರಿಗೂ ಕಾಣುವುದಿಲ್ಲ. ಅವಳು ತೃಪ್ತಿಯಿಂದ ತಲೆಯಾಡಿಸಿದಳು.

ಪಾಲಿನ ದಿನ ಊರ ಹಿರಿಯ ವೆಂಕಟರವಣಪ್ಪ ಬಂದು ಕೂತರು. ಹರಿಕೃಷ್ಣ, ಕವಿತ ಎರಡೂ ಮನೆ ಸುತ್ತಿದರು. ಕವಿತ ಕೆಂಪು ಕಪಾಟಿನ ಮೇಲೆ ಕೈಯಾಡಿಸಿ, "ಅಬ್ಬಾ, ಎಷ್ಟು ಚೆನ್ನಾಗೈತಕ್ಕ!" ಅಂದಳು. ವರಲಕ್ಷ್ಮಮ್ಮ ನಗು ನುಂಗಿಕೊಂಡಳು.

ಹರಿಕೃಷ್ಣ ಹೊರಗೆ ಬಂದು ಕೈ ಮುಗಿದ. "ನಮಗೆ ಪಶ್ಚಿಮದ್ದು ಸಾಕಣ್ಣ."

ವರಲಕ್ಷ್ಮಮ್ಮ ಬಾಯಿ ತೆರೆಯುವ ಮೊದಲೇ ನರಸಿಂಹಪ್ಪ ಎದ್ದು ನಿಂತ. "ಬೇಡ ಕಣೋ ಹರಿ! ಪೂರ್ವದ್ದು ತಗೋ. ನಿನ್ನ ಕಾಲು ಬೇಕಾದ್ರೂ ಹಿಡೀತೀನಿ."

ಗಂಡ ಇಷ್ಟು ಜೋರಾಗಿ ಮಾತಾಡಿದ್ದನ್ನು ಅವಳು ಕಂಡೇ ಇರಲಿಲ್ಲ. ತಾನೂ ದನಿಗೂಡಿಸಿದಳು: "ಹೌದಪ್ಪ ಹರಿ, ಚಿಕ್ಕೋರು ನೀವು, ಚೆನ್ನಾಗಿರೋದು ನಿಮಗೇ ಇರಲಿ."

ವೆಂಕಟರವಣಪ್ಪನವರ ಕಣ್ಣು ತುಂಬಿತು. "ಇಂಥ ಅಣ್ಣ ಅತ್ತಿಗೇನ ಈ ಕಾಲದಲ್ಲಿ ಎಲ್ಲಿ ಹುಡುಕ್ತೀರಪ್ಪ!"

ಕವಿತ ಬಂದು ವರಲಕ್ಷ್ಮಮ್ಮನ ಎರಡೂ ಕೈ ಹಿಡಿದಳು. "ಅಕ್ಕ, ಅತ್ತೆ ಮಲಗಿದ್ದಾಗ ನಾನು ಬರ್ಲಿಲ್ಲ. ಎಲ್ಲಾ ನೀವೊಬ್ರೇ ಮಾಡಿದ್ರಿ. ನನ್ನ ತಪ್ಪು ನನಗೆ ಗೊತ್ತು. ಒಳ್ಳೆ ಮನೇಲಿ ನೀವಿರ್ಬೇಕು. ಇನ್ನೇನೂ ಹೇಳ್ಬೇಡಿ."

ಎಲೆ ಅಡಿಕೆ ಕೈ ಬದಲಾಯಿತು. ಹಿರಿಯರ ಮುಂದೆ ಎಲೆ ಅಡಿಕೆ ಬದಲಾದ ಮೇಲೆ ಮಾತು ಮುಗಿದ ಹಾಗೆ.

ಎಲ್ಲರೂ ಹೋದ ಮೇಲೆ ವರಲಕ್ಷ್ಮಮ್ಮ ಪೂರ್ವದ ಮನೆಯ ಬಾಗಿಲು ಹಾಕಿ, ಕೆಂಪು ಕಪಾಟಿಗೆ ಕೈ ನೋಯುವ ಹಾಗೆ ಗುದ್ದಿದಳು. ಕವಿತಳ ಒಳ್ಳೆಯ ಮಾತೇ ಅವಳನ್ನು ಹೆಚ್ಚು ಸುಡುತ್ತಿತ್ತು. ಬೈಯಬೇಕೆಂದರೆ ಬೈಯಲು ಅವಳಲ್ಲಿ ತಪ್ಪೇ ಉಳಿದಿರಲಿಲ್ಲ. ಹಾಗಾಗಿ ಗಂಡನ ಮೇಲೆ ತಿರುಗಿದಳು.

"ಮೊದಲ್ನೇ ಸಲ ನನ್ನ ಪರ ಮಾತಾಡಿದ್ರಿ, ಅದೂ ದಂಡವಾಯ್ತು! ಗಟ್ಟಿ ಹಲಗೆಯೆಲ್ಲ ಅವಳ ಪಾಲಾಯ್ತಲ್ರೀ! ಹೇಳ್ರೀ ಏನಾದ್ರೂ!"

ನರಸಿಂಹಪ್ಪ ಗೋಡೆಗೆ ಒರಗಿ ಕುಸಿದು ಕೂತಿದ್ದ.

"ನನ್ನ ತಮ್ಮನಿಗೆ ಮೋಸ ಆಗಬಾರ್ದು ಅಂತ, ನೀನು ಮಗಳ ಮನೇಲಿದ್ದಾಗ ಗಟ್ಟಿ ಹಲಗೇನೆಲ್ಲ ಈ ಮನೆಗೇ ಹಾಕ್ಸಿಬಿಟ್ಟೆ ಕಣೇ."